ಕೈಸರನ ಮೂಗು ತಿಕ್ಕಿದ ಎಲೀಶ

ಕೇಳಿ, ನಗುವುದಿದ್ದರೆ ಆಮೇಲೆ ನಗಿ. ಮಂಗಳೂರಿನಲ್ಲಿ ಲೀದಿಯಮ್ಮ ಎಂಬ ವಿಧವೆ. ಅವಳಿಗೊಬ್ಬ ಮಗ, ಎಲೀಶ. ಮೈ ಆಳೆತ್ತರ ಬೆಳೆದಿತ್ತು, ಬುದ್ಧಿ ತೊಟ್ಟಿಲಲ್ಲೇ ಉಳಿದಿತ್ತು. ಲೀದಿಯಮ್ಮನ ಕಣ್ಣು ದಿನೇ ದಿನೇ ಮಂಜಾಗುತ್ತಿತ್ತು. ಆಪರೇಷನ್ನಿಗೆ ದುಡ್ಡಿಲ್ಲ. ಇದ್ದದ್ದು ಹಂಚಿನ ಕಾರ್ಖಾನೆಯ ಜರ್ಮನ್ ದೊರೆ ಎಲೀಶನ ಅಜ್ಜನಿಗೆ ಕೊಟ್ಟಿದ್ದ ಮೂರು ಬೆಳ್ಳಿ ನಾಣ್ಯ, ಮೇಲೆ ಜರ್ಮನಿಯ ರಾಜ ಕೈಸರನ ಮುಖ.

"ಮಗಾ, ಶೇಟ್ರ ಹತ್ತಿರ ಬೆಲೆ ಕೇಳಿ ಬಾ. ಪೇಟೆ ತುಂಬ ಕಳ್ಳರು, ಯಾರಿಗೂ ತೋರಿಸಬೇಡ!"

ಹೋದ. ಹಳೇ ನಾಣ್ಯ ಕೊಳ್ಳುವ ಪಾಂಡುರಂಗ ಶೇಟ್ರ ಮುಂದೆ ಮುಷ್ಟಿ ಇಟ್ಟ. "ಬೆಲೆ ಹೇಳಿ!"

"ಕೈ ಬಿಚ್ಚು ಮಾರಾಯ!"

"ಯಾರಿಗೂ ತೋರಿಸಬಾರದು!"

"ಮುಚ್ಚಿದ ಮುಷ್ಟಿಗೆ ಬೆಲೆ ಕಟ್ಟಲು ನಾನೇನು ಮಂತ್ರವಾದಿಯಾ? ನಡಿ ಆಚೆ!"

ಅಮ್ಮ ಹಣೆ ಚಚ್ಚಿಕೊಂಡಳು. "ಅಯ್ಯೋ ಪೆದ್ದೇ! ಶೇಟ್ರಿಗೆ ತೋರಿಸಬೇಕು! ರಾಜನ ಮುಖ ಫಳಫಳ ಕಾಣುವ ಹಾಗೆ ತೋರಿಸು!"

ಎಲೀಶ ಹುಣಸೆಹುಳಿ, ಇಟ್ಟಿಗೆ ಪುಡಿ ಇಟ್ಟುಕೊಂಡು ಕೂತ. ತಿಕ್ಕಿದ, ತೊಳೆದ, ಮತ್ತೆ ತಿಕ್ಕಿದ. ಹುಳಿ ಮುಗಿದದ್ದರಿಂದ ಒಂದು ನಾಣ್ಯ ಕಪ್ಪಾಗಿಯೇ ಉಳಿಯಿತು. ಮಿಂಚುವ ಎರಡನ್ನು ಹಿಡಿದು ಓಡಿದ.

ಭೂತಗನ್ನಡಿ ಹಿಡಿದ ಶೇಟ್ರು ತೆರೆದ ಬಾಯಿ ಮುಚ್ಚಲಿಲ್ಲ. "ಎಂತ ಮಾಡಿದೆ ಪಾಪಿ! ಕೈಸರನಿಗೆ ಮೂಗೇ ಇಲ್ಲ! ಕತ್ತಿನ ಕೆಳಗಿನ ಅಕ್ಷರ ನೋಡಿದರೆ ಯಾವ ಊರಿನ ಟಂಕಸಾಲೆಯದೆಂದು ಗೊತ್ತಾಗುತ್ತಿತ್ತು. ಅದೂ ಹೋಯ್ತು! ಇದೀಗ ಬರೀ ಬೆಳ್ಳಿ ಚೂರು! ಹಳೆಯದರ ಮೇಲೆ ವರ್ಷಗಟ್ಟಲೆ ಕೂತದ್ದನ್ನು ತೆಗೆಯಬಾರದು! ತೆಗೆದರೆ ಬೆಲೆ ಬಿತ್ತು! ಯಾರಾದರೂ ತೆಗೆಯಲು ಬಂದರೆ ಕೈ ಹಿಡಿದು ನಿಲ್ಲಿಸು!"

ಹಲ್ಲು ಕಿರಿಯಬೇಡಿ ನೀವು! ಅಲ್ಲೊಬ್ಬಳ ಕಣ್ಣು ಹೋಗುತ್ತಿದೆ! ಹೇಳಿದ್ದನ್ನು ಹೇಳಿದ ಹಾಗೆ ಮಾಡು, ಎದುರು ಮಾತಾಡಬೇಡ ಅಂತ ಮಕ್ಕಳನ್ನು ಬೆಳೆಸುವವರು ನಾವೇ ಅಲ್ಲವಾ?

ಪುಣ್ಯಕ್ಕೆ ಕಪ್ಪಾಗಿ ಉಳಿದ ನಾಣ್ಯದ ಮೇಲೆ ಅಪರೂಪದ ಟಂಕಸಾಲೆಯ ಅಕ್ಷರವೇ ಇತ್ತು. ಅದೊಂದಕ್ಕೇ ಆಪರೇಷನ್ನಿಗೆ ಸಾಕಾಗುವಷ್ಟು ದುಡ್ಡು ಬಂತು. ಲೀದಿಯಮ್ಮ ಖುಷಿಯಲ್ಲಿ ಅತ್ತಳು. "ಇನ್ನು ಶೇಟ್ರು ಹೇಳಿದ್ದನ್ನು ಮರೆಯಬೇಡ ಮಗಾ!"

"ಸತ್ತರೂ ಮರೆಯಲ್ಲ ಅಮ್ಮಾ!"

ಮರುದಿನ ಆಸ್ಪತ್ರೆ. ದುಡ್ಡು ಕಟ್ಟಿಯಾಯಿತು. ಡಾಕ್ಟರಮ್ಮ ಲೀದಿಯಮ್ಮನ ಕಣ್ಣಿಗೆ ಟಾರ್ಚು ಬಿಟ್ಟು ನೋಡಿದರು. "ವಯಸ್ಸಾಯಿತಲ್ಲ, ವರ್ಷಗಟ್ಟಲೆಯಿಂದ ಪೊರೆ ಕೂತಿದೆ. ಈಗಲೇ ತೆಗೆದುಬಿಡೋಣ."

ಎಲೀಶ ಹಾರಿ ಬಂದು ಅವರ ಕೈ ಹಿಡಿದ. "ಮುಟ್ಟಿದರೆ ನೋಡಿ!"

ಡಾಕ್ಟರಮ್ಮ ಬೆಚ್ಚಿಬಿದ್ದರು. ನರ್ಸಿನ ಕೈಯಿಂದ ತಟ್ಟೆ ಬಿತ್ತು. ಎಲೀಶ ತಾಯಿಯನ್ನು ಹೆಗಲ ಮೇಲೆ ಹೊತ್ತು ಮೆಟ್ಟಿಲಿಳಿದ.

"ಬಿಡೋ! ನನ್ನ ಕಣ್ಣು ಕಣೋ! ಬಿಡೋ!"

"ಹೆದರಬೇಡ ಅಮ್ಮಾ! ನಾನಿರುವಾಗ ನಿನ್ನ ಬೆಲೆ ಬೀಳಲು ಬಿಡುತ್ತೇನಾ!"