ಬಡಿಸಲು ಏಳದ ಶಿಷ್ಯೆ

ಹೊಳೆಯ ದಂಡೆಯ ಆಶ್ರಮದಲ್ಲಿ ಒಂದು ಪುಟ್ಟ ಶಾಲೆ. ಅಲ್ಲಿ ಪಾಠ ಹೇಳುತ್ತಿದ್ದವಳು ಗುರು ಕರಿಬಸವಯ್ಯನವರ ಶಿಷ್ಯೆ ನೀಲಾಂಬಿಕೆ.

ಆ ಶಾಲೆಗೆ ಹಾಲವ್ವ ಎಂಬ ಹುಡುಗಿ ಬಂದು ಸೇರಿದಳು. ಮಗುವಿಗೆ ಕಿವಿ ಕೇಳಿಸುತ್ತಿರಲಿಲ್ಲ.

"ಕಲಿಸಲು ಬಾರದಿದ್ದರೆ ಇಟ್ಟುಕೊಂಡು ಏನು ಮಾಡುತ್ತೀರಿ? ಹುಣ್ಣಿಮೆಯೊಳಗೆ ತಿರುಗಿ ಕಳಿಸಿ," ಎಂದರು ಆಶ್ರಮದ ಧರ್ಮದರ್ಶಿ ಚನ್ನವೀರಗೌಡರು.

ನೀಲಾಂಬಿಕೆ ಗುರುವಿನ ಬಳಿ ಬಂದಳು.

"ಅಪ್ಪನವರೆ, ದಾರಿ ಕಾಣುತ್ತಿಲ್ಲ."

"ಎಲ್ಲಿ ಹುಡುಕಿದೆ?"

"ಫೋನಿನಲ್ಲಿ ನಾಡಿನ ಶಿಕ್ಷಕರು ಸೇರಿದ ಬಳಗಗಳಿವೆ. ಎರಡು ವರ್ಷದಿಂದ ನಾನೂ ಇದ್ದೇನೆ. ಅವರು ಬರೆದದ್ದನ್ನು ಓದಿ ನನ್ನ ತರಗತಿಗೆ ತಂದುಕೊಂಡಿದ್ದೇನೆ. ಇದೊಂದು ಮಾತ್ರ ಸಿಗಲಿಲ್ಲ."

"ಕೇಳಿದೆಯಾ?"

"ಇಲ್ಲ."

"ನೀನು ಅಲ್ಲಿ ಏನಾದರೂ ಬರೆದದ್ದುಂಟಾ?"

"ಒಂದಕ್ಷರವೂ ಇಲ್ಲ. ನಿಮ್ಮ ಶಿಷ್ಯೆಗೆ ಗೊತ್ತಿಲ್ಲ ಅಂತ ಅಷ್ಟು ಜನರ ಮುಂದೆ ಹೇಗೆ ಹೇಳಲಿ?"

ಅಷ್ಟರಲ್ಲಿ ದಾಸೋಹದ ಗಂಟೆ ಹೊಡೆಯಿತು.

ಆ ಆಶ್ರಮದಲ್ಲಿ ಒಂದು ಪದ್ಧತಿ. ಮೊದಲ ಪಂಕ್ತಿಯಲ್ಲಿ ಉಂಡವರು ಎದ್ದು ಎರಡನೆಯ ಪಂಕ್ತಿಗೆ ಬಡಿಸಬೇಕು. ಸಾಹುಕಾರನಾದರೂ ಸರಿ, ಸನ್ಯಾಸಿಯಾದರೂ ಸರಿ.

ನೀಲಾಂಬಿಕೆ ಉಂಡು ಎದ್ದಳು. ಗುರು ಅವಳನ್ನು ಕೈಸನ್ನೆ ಮಾಡಿ ಕೂರಿಸಿದರು. ಹೊಸ ಎಲೆ ಬಂತು. ಮತ್ತೆ ಎದ್ದಳು, ಮತ್ತೆ ಕೂರಿಸಿದರು.

ಸಾರಿನ ಬಕೆಟ್ಟು ಹಿಡಿದು ಬಂದ ಮುದುಕಿ ನಿಂತು ನೋಡಿದಳು. "ಏನವ್ವ, ಬೀಗರ ಮನೆಗೆ ಬಂದೀಯೇನು? ಏಳೋ ಲಕ್ಷಣನೇ ಇಲ್ಲ."

ಸಾಲಿನವರೆಲ್ಲ ನಕ್ಕರು. ನೀಲಾಂಬಿಕೆಯ ಮುಖ ಕೆಂಪಾಯಿತು.

"ಅಪ್ಪನವರೆ, ನನಗೂ ಬಡಿಸಲು ಬಿಡಿ. ನಾಚಿಕೆಯಾಗುತ್ತದೆ."

"ಎರಡು ವರ್ಷದಿಂದ ಆಗಿರಲಿಲ್ಲವಲ್ಲ," ಎಂದರು ಗುರು.

ಅಂದು ಸಂಜೆ ಅವಳು ಬಳಗಕ್ಕೆ ಮೊದಲ ಸಲ ಬರೆದಳು. ಹೊಳೆಯ ಮರಳಿನಿಂದ ತಾನು ಮಕ್ಕಳಿಗೆ ಅಳತೆ ಕಲಿಸುವ ಬಗೆಯನ್ನು ವಿವರಿಸಿದಳು. ಕೊನೆಗೆ, ಆಶ್ರಮದ ಹೆಸರು ಹಾಕಿ, ಕಿವಿ ಕೇಳಿಸದ ಮಗುವಿಗೆ ಕಲಿಸಲು ನನಗೆ ಬಾರದು, ತಿಳಿದವರು ಹೇಳಿಕೊಡಿ ಎಂದು ಸೇರಿಸಿದಳು.

ಬೀದರಿನ ಮೇಷ್ಟ್ರೊಬ್ಬರು ಬರೆದರು: ಹಲಗೆಯ ಕಡೆ ತಿರುಗಿಕೊಂಡು ಮಾತಾಡಬೇಡಿ, ನಿಮ್ಮ ಮುಖ ಅವಳಿಗೆ ಕಾಣಲಿ. ಕಾರವಾರದ ಶಿಕ್ಷಕಿಯೊಬ್ಬರಿಗೆ ಸ್ವತಃ ಕಿವಿ ಕೇಳಿಸದು. ಅವರು ಸನ್ನೆ ಭಾಷೆಯ ವಿಡಿಯೋಗಳನ್ನು ಕಳಿಸಿ, ಅವಳೊಬ್ಬಳಿಗೇ ಕಲಿಸಬೇಡಿ, ತರಗತಿಗೆಲ್ಲ ಕಲಿಸಿ ಎಂದರು. ನಿಮ್ಮ ಮರಳಿನ ಪಾಠ ನಾಳೆಯೇ ಮಾಡುತ್ತೇನೆ ಎಂದೂ ಬರೆದರು.

ಹುಣ್ಣಿಮೆಗೆ ಮೊದಲೇ ಹಾಲವ್ವ ಕೈಸನ್ನೆಯಲ್ಲೇ ಜಗಳ ಆಡತೊಡಗಿದಳು. ಉಳಿದ ಮಕ್ಕಳು ಕೈಯಲ್ಲೇ ಎದುರುತ್ತರ ಕೊಡತೊಡಗಿದರು.

ಚನ್ನವೀರಗೌಡರು ಮಾತ್ರ ಒಂದು ಬೆಳಿಗ್ಗೆ, ಗುರು ಶಾಲೆಯಲ್ಲಿದ್ದಾಗ, ಸಿಟ್ಟಾಗಿ ಬಂದರು. ಯಾರೋ ಅವರಿಗೆ ನೀಲಾಂಬಿಕೆಯ ಬರಹ ತೋರಿಸಿದ್ದರು.

"ಗುರುಮನೆಯ ಮಾನ ಫೋನಿನಲ್ಲಿ ಹರಾಜಿಗೆ ಬಂದಿದೆ. ಇಲ್ಲಿಗೆ ಜನ ಕೇಳಲು ಬರಬೇಕು, ನಾವು ಕೇಳಿಕೊಂಡು ಹೋಗುವುದಲ್ಲ. ಅದನ್ನು ಅಳಿಸಿಹಾಕಲು ಹೇಳಿ."

ಗುರು ಶಿಷ್ಯೆಯ ಕಡೆ ನೋಡಿದರು. "ಅಳಿಸುತ್ತೀಯಾ?"

"ಇಲ್ಲ, ಅಪ್ಪನವರೆ. ನೀವು ಹೇಳಿದರೂ ಇಲ್ಲ."

"ಕೇಳಿದಿರಾ ಮಾತು?" ಎಂದರು ಗೌಡರು. "ಇವಳೂ ಹೋಗಲಿ, ಆ ಹುಡುಗಿಯೂ ಹೋಗಲಿ."

ಗುರು ಕೈ ಚಾಚಿ ನೀಲಾಂಬಿಕೆಯ ಫೋನು ಇಸಿದುಕೊಂಡರು. ಒಂದೊಂದೇ ಅಕ್ಷರ ಒತ್ತಿ ಅವಳ ಪ್ರಶ್ನೆಯ ಕೆಳಗೆ ಬರೆದರು. ಆಮೇಲೆ ಅದನ್ನು ಗೌಡರ ಮುಂದೆ ಹಿಡಿದರು.

'ನಾನು ಇವಳ ಗುರು ಕರಿಬಸವಯ್ಯ. ನನಗೂ ಬಾರದು. ನನ್ನನ್ನೂ ಸೇರಿಸಿಕೊಳ್ಳಿ.'

ಗೌಡರ ದನಿ ಕುಗ್ಗಿತು. "ಅಪ್ಪನವರೆ, ನೀವೇ ಹೀಗಂದರೆ ನಾಳೆ ಪೀಠದ ಮೇಲೆ ಯಾರು ಕೂರಬೇಕು?"

ಗುರು ಎದ್ದರು. ಮಕ್ಕಳ ಸಾಲಿಗೆ ಹೋಗಿ ಹಾಲವ್ವನ ಪಕ್ಕದಲ್ಲಿ ನೆಲಕ್ಕೆ ಕೂತರು.

"ಬೇಕಾದರೆ ನೀವೇ ಕೂತುಕೊಳ್ಳಿ, ಗೌಡರೆ. ನನಗೆ ಪಾಠಕ್ಕೆ ಹೊತ್ತಾಯಿತು."