ಸಾಂಬ್ರಾಣಿ ಹಾಕಿಸಿದ ಸನ್ನದು

"ನನಗೆ ಗೊತ್ತಿಲ್ಲದ ಇಂಗ್ಲಿಷ್ ಪದ ಸಿಕ್ಕಿದರೆ ಅರ್ಧ ಮೀಸೆ ಬೋಳಿಸಿಕೊಳ್ಳುತ್ತೇನೆ!"

ತುಂಬಿದ ಸಭೆಯಲ್ಲಿ ಹೀಗೆ ಕೊಚ್ಚಿಕೊಂಡ ದಡ್ಡ ನಾನೇ, ಹರಿಗೆಪುರದ ಅರಮನೆಯ ದುಭಾಷಿ ಸಿಂಗಪ್ಪಯ್ಯ. ಮರುದಿನವೇ ಬ್ರಿಟಿಷ್ ಸಾಹೇಬರ ಕಾಗದ ಬಂತು. ಹೂವಾಡಗಿತ್ತಿ ಚೆನ್ನಾಜಮ್ಮನ ತೋಟವನ್ನು ತೀರಿಕೊಂಡ ದೊಡ್ಡ ದೊರೆಗಳು ತನಗೆ ಬರೆದುಕೊಟ್ಟಿದ್ದಾರೆಂದು ಕಿಲ್ಲೇದಾರ ಭರಮಪ್ಪ ಒಂದು ಸನ್ನದು ತೋರಿಸಿದ್ದನಂತೆ. ಸಾಹೇಬರು ಆ ಸನ್ನದನ್ನೂ ಜೊತೆಗಿಟ್ಟು, 'ಇದನ್ನು ಅಥೆಂಟಿಕೇಟ್ ಮಾಡಿ' ಎಂದು ಬರೆದಿದ್ದರು.

"ಹಾಗೆಂದರೇನಯ್ಯಾ?" ಎಂದರು ದೊರೆ.

ನನಗೆ ಮೀಸೆ ನೆನಪಾಯಿತು. "ಸಾಂಬ್ರಾಣಿ ಹೊಗೆ ಹಾಕುವುದು, ಪ್ರಭು" ಎಂದುಬಿಟ್ಟೆ.

ಹೊಗೆ ಹಾಕಿಸಿ ಕಳಿಸಿದೆವು. ಸಾಹೇಬರು ಸನ್ನದನ್ನು ಹಿಂದಕ್ಕೆ ಕಳಿಸಿ, 'ಕೆಟ್ಟ ಸೀನು ಬಂತು. ನಿಮ್ಮ ಆಕ್ಷೇಪಣೆ ಇಲ್ಲವೆಂದು ತಿಳಿದೆ. ಶುಕ್ರವಾರ ಬಂದು ತೋಟ ಕಿಲ್ಲೇದಾರನಿಗೆ ಕೊಡಿಸುತ್ತೇನೆ' ಎಂದು ಬರೆದರು.

ಚೆನ್ನಾಜಮ್ಮ ಅಳುತ್ತ ಬಂದಳು. "ಅಯ್ಯಾ, ನಿಮ್ಮ ಹೊಗೆ ನನ್ನ ಒಲೆ ಆರಿಸಿತಲ್ಲ!"

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಪದದ ನಿಜವಾದ ಅರ್ಥ ಕೇಳಲು ಊರಿನ ಇಂಗ್ಲಿಷ್ ಪಾದ್ರಿಯ ಬಳಿಗೆ ಓಡಿದೆ.

"ಅಸಲು ಎಂದು ರುಜುವಾತು ಮಾಡುವುದು" ಎಂದರು ಪಾದ್ರಿ. "ಗ್ರೀಕರ ಹಳೆಯ ಮಾತು. ತಾನೇ ಕೈಯಾರೆ ಮಾಡಿದವನು ಎಂದು ಅದರ ಮೂಲ."

ಅಂದರೆ ಮಾಡಿದ ಕೈಯನ್ನು ಹುಡುಕಬೇಕು, ಅಷ್ಟೇ ತಾನೇ! ತಪ್ಪೊಪ್ಪಿಕೊಂಡು ದೊರೆಗಳ ಕಿವಿಯಲ್ಲಿ ಉಪಾಯ ಊದಿದೆ.

ಶುಕ್ರವಾರ ಸಾಹೇಬರ ಎದುರೇ ಸನ್ನದು ಬಿಚ್ಚಿದೆ. ನಮ್ಮ ದೊರೆಗಳು ರುಜು ಹಾಕುವಾಗ ತಮ್ಮ ಹೆಸರು ಬರೆಯುವ ಪದ್ಧತಿಯಿಲ್ಲ, ಕುಲದೇವರ ಹೆಸರು ಬರೆಯುತ್ತಾರೆ. ಕೆಳಗೆ 'ಶ್ರೀ ನರಸಿಂಹ' ಎಂದಿತ್ತು.

"ಆಹಾ, ಎಂಥ ಅಕ್ಷರ! ಈ ರುಜು ಬರೆದ ಕೈಗೆ ಚಿನ್ನದ ಕಡಗ ತೊಡಿಸಬೇಕೆಂದು ಪ್ರಭುಗಳ ಆಸೆ. ಆದರೆ ದೊಡ್ಡ ದೊರೆಗಳೇ ಇಲ್ಲವಲ್ಲ, ದೇವರ ಹುಂಡಿಗೆ ಹಾಕೋಣ" ಎಂದೆ.

ದೊರೆ ಕಡಗ ಬಿಚ್ಚಿದರು. ಭರಮಪ್ಪ ಚಡಪಡಿಸಿದ.

"ಹುಂಡಿಗೇಕೆ ಬುದ್ಧೀ? ಬರೆದವನು ನಾನೇ!"

"ರುಜುವನ್ನೂ?" ಎಂದೆ.

"ದೇವರ ಹೆಸರು ತಾನೇ ಸ್ವಾಮಿ, ಯಾರು ಬರೆದರೇನು ಪಾಪ?"

ಅವನ ಮಾತನ್ನು ಸಾಹೇಬರಿಗೆ ಪದ ಬಿಡದೆ ಇಂಗ್ಲಿಷಿನಲ್ಲಿ ಹೇಳಿದೆ. ಆಮೇಲೆ ದೊರೆಗಳ ಕಡೆ ತಿರುಗಿದೆ. "ಅಥೆಂಟಿಕೇಟ್ ಆಯಿತು ಪ್ರಭು. ಕೈಯಾರೆ ಮಾಡಿದವನು ಸಿಕ್ಕ!"

ತೋಟ ಚೆನ್ನಾಜಮ್ಮನಿಗೇ ಉಳಿಯಿತು. ದೊರೆ ಹೊಟ್ಟೆ ಹಿಡಿದು ನಕ್ಕು ಕಡಗವನ್ನು ನನಗೆ ತೊಡಿಸಿದರು. ಹಿಂದೆಯೇ ಕ್ಷೌರಿಕನನ್ನೂ ಕರೆಸಿ ನನ್ನ ಅರ್ಧ ಮೀಸೆ ಬೋಳಿಸಿದರು.

"ಉಳಿದ ಅರ್ಧ ಅಸಲಿಯೇನಯ್ಯಾ?"

"ಬೇಕಾದರೆ ಎಳೆದು ನೋಡಿ ಪ್ರಭು" ಎಂದೆ. "ಸಾಂಬ್ರಾಣಿ ಮಾತ್ರ ಹಾಕಬೇಡಿ!"