ಸಿಲಿಂಡರ್ ಕಲಿತ ಹದ

ಹೆರಿಗೆ ಕೋಣೆಯ ಮೂಲೆಯಲ್ಲಿ ಆಮ್ಲಜನಕದ ಸಿಲಿಂಡರೊಂದು ನಿಂತಿತ್ತು. ಉಸಿರು ಕಟ್ಟಿದವರಿಗೆಲ್ಲ ತಾನೊಬ್ಬನೇ ಪ್ರಾಣದಾತನೆಂದು ಅದು ನಂಬಿತ್ತು.

ಒಂದು ಮುಂಜಾನೆ, ಕಿಟಕಿಯ ತುಂಬ ಮಂಜು ಹಾಲಿನಂತೆ ನಿಂತಿದ್ದಾಗ, ಹುಲಿಗೆಮ್ಮ ಹೆತ್ತಳು. ಹೊಕ್ಕುಳಬಳ್ಳಿ ಕೊರಳಿಗೆ ಸುತ್ತಿಕೊಂಡಿದ್ದ ಕೂಸು ಅಳಲಿಲ್ಲ, ನೀಲಿಗಟ್ಟಿ ಮಲಗಿತ್ತು. ದಾದಿ ಫಿಲೋಮಿನಾ ಅದರ ಮೈ ಒರೆಸಿ, ಮೂಗು ಬಾಯಿಗೆ ಪುಟ್ಟ ಮಾಸ್ಕ್ ಇಟ್ಟು, ರಬ್ಬರಿನ ಗಾಳಿಚೀಲವನ್ನು ಮೆಲ್ಲಗೆ ಒತ್ತತೊಡಗಿದಳು.

"ಬರೀ ಕೋಣೆಯ ಗಾಳಿ ಕೊಡುತ್ತೀಯಾ?" ಎಂದು ಸಿಲಿಂಡರ್ ಚೀಲವನ್ನು ಕೇಳಿತು. "ನನ್ನಲ್ಲಿರುವುದು ಅಪ್ಪಟ ಪ್ರಾಣವಾಯು. ಅಷ್ಟನ್ನೂ ಸುರಿಯಬಲ್ಲೆ."

"ಉಸಿರಿಲ್ಲದೆ ಬಳಲಿದ ಎಳೆಯ ಜೀವಕ್ಕೆ ಅತಿಯಾದ ಪ್ರಾಣವಾಯುವೂ ಕೇಡು," ಎಂದಿತು ಚೀಲ. "ಮೊದಲು ಎದೆ ಅರಳಲಿ. ಸಾಲದಿದ್ದರೆ ನಿನ್ನನ್ನು ಕರೆಯುತ್ತಾರೆ. ಆಗ ಅಳೆದು ಕೊಡು."

ಸಿಲಿಂಡರಿಗೆ ಸಿಟ್ಟು ಬಂತು. ಆದರೆ ಹುಲಿಗೆಮ್ಮ, "ಸಿಸ್ಟರ್, ಕೂಸು ಯಾಕ್ರಿ ಅಳವಲ್ದು?" ಎಂದಾಗ ಸಿಟ್ಟು ಮರೆತು ಅದೂ ಕೂಸನ್ನೇ ನೋಡಿತು. ಪುಟ್ಟ ಎದೆ ಏರಿತು, ಇಳಿಯಿತು. ಎದೆಬಡಿತ ಮಾತ್ರ ಇನ್ನೂ ನಿಧಾನವಾಗಿತ್ತು. ಫಿಲೋಮಿನಾ ಸಿಲಿಂಡರಿನ ಕೊಳವೆಯನ್ನು ಚೀಲಕ್ಕೆ ಸಿಕ್ಕಿಸಿ, ಅದರ ತಿರುಪನ್ನು ತುಸುವೇ ತಿರುಗಿಸಿದಳು.

ಸಿಲಿಂಡರ್ ನುಗ್ಗಲಿಲ್ಲ. ನಿದ್ದೆಯಲ್ಲಿರುವವರ ಹಣೆ ಸವರುವಂತೆ ಎಳೆಯೆಳೆಯಾಗಿ ಹರಿಯಿತು. ಕೂಸಿನ ತುಟಿಗೆ ಕೆಂಪೇರಿತು. ಮುಖ ಸಿಂಡರಿಸಿ ಅದು ಅತ್ತಿತು. ಹುಲಿಗೆಮ್ಮನೂ ಅತ್ತಳು.

"ಇನ್ನು ಸಾಕು," ಎಂದು ಫಿಲೋಮಿನಾ ತಿರುಪು ಮುಚ್ಚಿದಳು.

ಸಿಲಿಂಡರ್ ಬೇಸರಪಡಲಿಲ್ಲ. ಕೂಸು ತಾನಾಗಿಯೇ ಕೋಣೆಯ ಗಾಳಿಯನ್ನು ಎಳೆದುಕೊಳ್ಳುವ ಸದ್ದನ್ನು ಕೇಳುತ್ತ ಸುಮ್ಮನೆ ನಿಂತಿತು.